ಇಲಾರಿಯೊನ ಅರವತ್ನಾಲ್ಕು

ಇಲಾರಿಯೊ ಸತ್ತ ಮರುವಾರವೇ ಫೆರ್ಮಿನ್ ಊಗಾರ್ತೆ ಅರ್ಬೈಸಾ ಮನೆತನದ ವೈನ್ ನೆಲಮಾಳಿಗೆಗೆ ಮೇಸ್ತ್ರಿಯಾಗಿ ಬಂದ. ಅದು ಸಾವಿಗೆ ಪುರುಸೊತ್ತಿಲ್ಲದ ಕಾಲ. ಸಾವಿರದ ಒಂಬೈನೂರ ಅರವತ್ನಾಲ್ಕರ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಆರೊ ಪಟ್ಟಣದ ಮುದುಕರೆಲ್ಲ ಬೀದಿಯಲ್ಲಿ ನಿಂತು, ಇಂಥ ದ್ರಾಕ್ಷಿಯನ್ನು ನಾವು ಕಂಡೇ ಇಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ದೊಡ್ಡ ಮರದ ತೊಟ್ಟಿಗಳಲ್ಲಿ ರಸ ಕುದಿಯುತ್ತಿತ್ತು. ಒಂದು ತೊಟ್ಟಿಯ ವೈನನ್ನು ಆಗಷ್ಟೇ ಬಸಿದು, ತಳದಲ್ಲಿ ಉಳಿದ ಸಿಪ್ಪೆಯನ್ನು ಎತ್ತಿ ಹಾಕಲು ಪೀಪಾಯಿ ಕಟ್ಟುವ ತಿಬುರ್ಸಿಯೊ ಒಳಗೆ ಇಳಿದಿದ್ದ. ಹುದುಗಿನ ವಿಷಗಾಳಿ ಇನ್ನೂ ಒಳಗೇ ಮಡುಗಟ್ಟಿತ್ತು. ತಿಬುರ್ಸಿಯೊ ಸದ್ದಿಲ್ಲದೆ ಕುಸಿದ. ಮೇಸ್ತ್ರಿ ಇಲಾರಿಯೊ ಅದನ್ನು ನೋಡಿ, ಯಾರನ್ನೂ ಕರೆಯದೆ ಉಸಿರು ಬಿಗಿಹಿಡಿದು ಹಾರಿದ. ತಿಬುರ್ಸಿಯೊನನ್ನು ಹೆಗಲ ಮೇಲೆ ಎತ್ತಿ ಮೇಲಿದ್ದವರ ಕೈಗೆ ಕೊಟ್ಟ. ತಾನು ಹತ್ತುವಷ್ಟರಲ್ಲಿ ಉಸಿರು ಬಿಟ್ಟುಹೋಗಿತ್ತು. ಅವನನ್ನು ಹೊರಗೆ ತೆಗೆದು ಅಂಗಳದಲ್ಲಿ ಮಲಗಿಸಿದಾಗ ಮೊಣಕಾಲಿನವರೆಗೂ ದ್ರಾಕ್ಷಿಯ ಬಣ್ಣ ಹತ್ತಿತ್ತಂತೆ. ಮನೆಯಲ್ಲಿ ಹೆಂಡತಿ ಕಸಿಲ್ದಾ, ತೊಟ್ಟಿಲಲ್ಲಿ ಹೆಣ್ಣುಮಗು.

ಫೆರ್ಮಿನ್ ನದಿಯಾಚೆಯ ಲಬಸ್ತಿದಾ ಊರಿನವನು. ಮೂವತ್ತು ತುಂಬಿರಲಿಲ್ಲ. ಸಣ್ಣದೊಂದು ಮಾಳಿಗೆಯಲ್ಲಿ ಕೈಯಾಳಾಗಿದ್ದವನು, ಮೂಗು ಚುರುಕು ಎಂಬ ಮಾತಿನ ಮೇಲೆ ಇಲ್ಲಿಗೆ ಬಂದಿದ್ದ. ಮಾಲೀಕ ದೋನ್ ರಮೀರೊ ಅರ್ಬೈಸಾ ಮೊದಲ ದಿನವೇ ಅವನ ಅಂಗೈಯಲ್ಲಿ ರುಚಿ ನೋಡುವ ಬೆಳ್ಳಿಯ ಬಟ್ಟಲೊಂದನ್ನು ಇಟ್ಟು, "ಇದು ಇಲಾರಿಯೊನದು. ಇನ್ಮೇಲೆ ನೀನು ಇಟ್ಕೊ" ಎಂದರು. ಬಟ್ಟಲಿನ ಅಂಚಿನಲ್ಲಿ ಸತ್ತವನ ಹೆಬ್ಬೆರಳು ಸವೆಸಿದ ಒಂದು ಗುಳಿ ಇತ್ತು. ಫೆರ್ಮಿನ್‌ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರಲೇ ಇಲ್ಲ; ಇಲಾರಿಯೊನದು ದಪ್ಪ ಬೆರಳಾಗಿದ್ದಿರಬೇಕು.

ಆ ವರ್ಷದ ವೈನಿನಲ್ಲಿ ಇಲಾರಿಯೊ ಮಾಡಿದ್ದು ಹಣ್ಣು ಕೊಯ್ಸಿದ್ದು, ತುಳಿಸಿದ್ದು, ಒಂದು ತೊಟ್ಟಿ ಬಸಿದದ್ದು, ಅಷ್ಟೇ. ಉಳಿದ ತೊಟ್ಟಿಗಳನ್ನು ಬಸಿದವನು ಫೆರ್ಮಿನ್. ಪೀಪಾಯಿಗೆ ತುಂಬಿಸಿದವನು ಅವನು. ಅರ್ಬೈಸಾ ಮನೆಯಲ್ಲಿ ಒಳ್ಳೆಯ ವೈನ್ ಆರೇಳು ವರ್ಷ ಪೀಪಾಯಿಯಲ್ಲೇ ಮಲಗಬೇಕು. ಅಷ್ಟೂ ಕಾಲ ವರ್ಷಕ್ಕೆರಡು ಸಲ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಸಿಯುತ್ತ, ತಳದ ಗಷ್ಟು ಕದಡದಂತೆ ಮೋಂಬತ್ತಿಯ ಬೆಳಕಿಗೆ ಹಿಡಿದು ನೋಡುತ್ತ, ಚೂರು ಮಬ್ಬು ಕಂಡ ಕೂಡಲೇ ಕೈ ಎತ್ತಿ ನಿಲ್ಲಿಸುತ್ತ ಅದನ್ನು ಸಾಕಿದವನು ಅವನು. ತಿಳಿಯಾಗಲು ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ ಹಾಕುವ ದಿನ ಮಾಳಿಗೆಯ ಮುಂದೆ ಹೆಂಗಸರು ಪಾತ್ರೆ ಹಿಡಿದು ನಿಲ್ಲುತ್ತಿದ್ದರು. ಹಳದಿಯೆಲ್ಲ ಅವರ ಸಿಹಿತಿಂಡಿಗೆ.

ಕಸಿಲ್ದಾ ಹಾಗೆ ಪಾತ್ರೆ ಹಿಡಿದು ಬಂದಾಗಲೇ ಫೆರ್ಮಿನ್ ಅವಳನ್ನು ಸರಿಯಾಗಿ ನೋಡಿದ್ದು. ಅಂಗಳದಾಚೆ ನಿಂತಿದ್ದಳು. ಉಳಿದವರು ಬಾಗಿಲವರೆಗೂ ನುಗ್ಗುತ್ತಿದ್ದರೆ ಅವಳು ಅಲ್ಲಿಂದ ಹೆಜ್ಜೆ ಕದಲಿಸಲಿಲ್ಲ. ಅವನೇ ಪಾತ್ರೆ ಇಸಿದುಕೊಂಡು ತುಂಬಿಸಿ ಕೊಟ್ಟ. ಮುಂದಿನ ಸಲ ಕೇಳದೆಯೇ ತುಂಬಿಸಿದ. ಅದರ ಮುಂದಿನ ಸಲ ಅವಳು, "ಇಷ್ಟೊಂದು ಹಳದಿ ಏನ್ಮಾಡ್ಲಿ ನಾನು, ಊರಿಗೆಲ್ಲ ಹಂಚ್ಲಾ?" ಎಂದು ನಕ್ಕಳು. ಅರವತ್ತೇಳರಲ್ಲಿ ಅವರಿಬ್ಬರ ಮದುವೆಯಾಯಿತು. ಮಗು ವಾಲ್ವನೇರಾ ಅವನ ತೊಡೆಯ ಮೇಲೆಯೇ ಬೆಳೆಯಿತು. ಆದರೆ ತಾಯಿ ಮೊದಲಿಂದ ಕಲಿಸಿದ್ದರಿಂದ ಅವನನ್ನು ಹೆಸರು ಹಿಡಿದೇ ಕರೆಯುತ್ತಿತ್ತು. ಅಪ್ಪ ಎಂದರೆ ನಡುಮನೆಯ ಗೋಡೆಯ ಮೇಲೆ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ ನಗುತ್ತಿದ್ದ ಫೋಟೋ.

ಸತ್ತವನ ಕೆಲಸ, ಸತ್ತವನ ಬಟ್ಟಲು, ಸತ್ತವನ ಹೆಂಡತಿ, ಸತ್ತವನ ಮಗಳು. ಇಷ್ಟನ್ನೂ ಫೆರ್ಮಿನ್ ಹೇಗೋ ನುಂಗಿಕೊಂಡಿದ್ದನೇನೋ. ನುಂಗಲಾಗದೆ ಗಂಟಲಲ್ಲಿ ಉಳಿದದ್ದು ಆ ವೈನ್.

ಅದು ಬಾಟಲಿಗೆ ಇಳಿದು ಹೊರಗೆ ಬಂದದ್ದೇ ತಡ, ಊರಲ್ಲಿ ಅದಕ್ಕೆ ಒಂದೇ ಹೆಸರು: ಇಲಾರಿಯೊನ ಅರವತ್ನಾಲ್ಕು. ಬಿಲ್ಬಾವೊದಿಂದ, ಮಾದ್ರಿದಿನಿಂದ ಬಂದ ವ್ಯಾಪಾರಿಗಳು ಮಾಳಿಗೆಗೆ ಇಳಿದು ಲೋಟ ಕೈಗೆ ಬರುವ ಮುನ್ನವೇ, "ಇದೇನಾ ಆ ಮಹಾನುಭಾವ ಮಾಡಿದ್ದು?" ಎಂದು ಕೇಳುತ್ತಿದ್ದರು. ಹತ್ತಿರದಲ್ಲೇ ಪೀಪಾಯಿಗೆ ಪಟ್ಟಿ ಬಡಿಯುತ್ತಿದ್ದ ತಿಬುರ್ಸಿಯೊ ಸುತ್ತಿಗೆ ಕೆಳಗಿಟ್ಟು ಬಂದು, ಕಥೆ ಪೂರ್ತಿ ಹೇಳುತ್ತಿದ್ದ. ಅವನಿಗೆ ಆ ಕಥೆ ಹೇಳುವ ಹಕ್ಕಿತ್ತು; ಅವನ ಪ್ರಾಣವೇ ಅದರಲ್ಲಿತ್ತು. ಕೊನೆಗೆ ಟೋಪಿ ತೆಗೆದು, "ಇನ್ನೊಬ್ಬ ಅಂಥೋನು ಹುಟ್ಟಲ್ಲ ಬಿಡಿ" ಎನ್ನುತ್ತಿದ್ದ. ಆಗ ಲೋಟಕ್ಕೆ ವೈನ್ ಸುರಿಯುತ್ತಿದ್ದವನು ಫೆರ್ಮಿನ್. ವ್ಯಾಪಾರಿಗಳು ಅವನ ಕಡೆ ನೋಡದೆಯೇ ಲೋಟ ಚಾಚುತ್ತಿದ್ದರು.

ಒಮ್ಮೆ ಹೆರ್ರಾದೂರಾ ಬೀದಿಯ ಹೋಟೆಲಿನಲ್ಲಿ ಇಸ್ಪೀಟು ಆಡುತ್ತ ಫೆರ್ಮಿನ್ ತಡೆಯಲಾರದೆ ಕೇಳಿದ: "ಲೋ ತಿಬುರ್ಸಿಯೊ, ಅದನ್ನ ಪೀಪಾಯಿಂದ ಪೀಪಾಯಿಗೆ ಬಸಿದೋರು ಯಾರೋ? ನಿನ್ನ ಇಲಾರಿಯೊನ ದೆವ್ವ ಬಂದು ಬಸೀತಾ?"

"ನೀನೇ ಬಸಿದಿದ್ದು, ಯಾರು ಇಲ್ಲ ಅಂದ್ರು?" ಎಂದ ತಿಬುರ್ಸಿಯೊ ಎಲೆಗಳಿಂದ ಕಣ್ಣೆತ್ತದೆ. "ಬಸಿಯೋದು ಯಾರು ಬೇಕಾದ್ರೂ ಬಸೀಬೋದು ಮಾರಾಯ. ಆಟ ಆಡು, ನಿನ್ನ ಸರದಿ."

ಯಾರು ಬೇಕಾದರೂ! ಅಂದು ಫೆರ್ಮಿನ್ ಸೋತು ಎದ್ದ. ಆ ಮಾತು ಅವನ ಜೊತೆಗೇ ಮನೆಗೆ ಬಂತು, ಜೊತೆಗೇ ಮಲಗಿತು.

ಬದುಕಿರುವವನ ಮೇಲೆ ಮತ್ಸರವಾದರೆ ಅವನು ಎಂದಾದರೂ ಎಡವುತ್ತಾನೆ, ಮುದುಕನಾಗುತ್ತಾನೆ, ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾನೆ. ನೋಡಿ ಸಮಾಧಾನ ಪಡಬಹುದು. ಇಲಾರಿಯೊ ಫೋಟೋದಲ್ಲಿ ನಗುತ್ತಲೇ ಇದ್ದ, ವಯಸ್ಸೂ ಆಗಲಿಲ್ಲ. ಅವನ ಕಾಲು ಊದಿಕೊಳ್ಳಲಿಲ್ಲ, ತಲೆ ಬೋಳಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನ ವೈನ್ ವರ್ಷದಿಂದ ವರ್ಷಕ್ಕೆ ಇನ್ನೂ ಚೆಂದವಾಗುತ್ತ ಹೋಯಿತು. ಫೆರ್ಮಿನ್ ದ್ರಾಕ್ಷಿ ಕೊಯ್ಲಿನಿಂದ ಬಿರಡೆ ಹಾಕುವವರೆಗೆ ತಾನೇ ಮಾಡಿದ ಅರವತ್ತೆಂಟರ ವೈನ್ ಒಳ್ಳೆಯದೇ ಆಗಿತ್ತು. ದೋನ್ ರಮೀರೊ ಕುಡಿದು, "ಚೆನ್ನಾಗಿದೆ ಫೆರ್ಮಿನ್, ತುಂಬ ಚೆನ್ನಾಗಿದೆ. ಅರವತ್ನಾಲ್ಕನ್ನ ನೆನಪಿಸುತ್ತೆ" ಎಂದಿದ್ದರು. ಆ ಕೊನೆಯ ಮಾತನ್ನು ಅವರು ಹೇಳದಿದ್ದರೆ ಅವನು ಅಂದು ಸುಖವಾಗಿ ಊಟ ಮಾಡುತ್ತಿದ್ದ.

ಇನ್ನು ಕಸಿಲ್ದಾ. ವಾಲ್ವನೇರಾ ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಪಡೆದ ಹಬ್ಬದ ದಿನ ದೋನ್ ರಮೀರೊ ಅರವತ್ನಾಲ್ಕರ ಬಾಟಲಿಗಳನ್ನು ಉಡುಗೊರೆಯಾಗಿ ಕಳಿಸಿದ್ದರು. ಎಲ್ಲರೂ ಲೋಟ ಎತ್ತಿದರು. ಕಸಿಲ್ದಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತ ಕುಳಿತಳು. ತುಟಿಗೆ ತಾಕಿಸಲಿಲ್ಲ. ಮೆಲ್ಲಗೆ ಕೆಳಗಿಟ್ಟು, ತಟ್ಟೆಯನ್ನು ಅದರ ಪಕ್ಕಕ್ಕೆ ಸರಿಸಿದಳು, ಯಾರೂ ತಗುಲಿಸದಿರಲಿ ಎಂಬಂತೆ. ಊಟವೆಲ್ಲ ಮುಗಿದ ಮೇಲೂ ಲೋಟ ತುಂಬಿಯೇ ಇತ್ತು. ಸತ್ತವನಿಗೆ ಮೀಸಲಿಟ್ಟಿದ್ದಾಳೆ ಎಂದುಕೊಂಡ ಫೆರ್ಮಿನ್. ಗುಡಿಯಲ್ಲಿ ದೀಪ ಇಟ್ಟ ಹಾಗೆ. ಮುಂದೆಯೂ ಹೀಗೇ: ನೆಂಟರ ಮದುವೆಯಲ್ಲಿ, ದೋನ್ ರಮೀರೊ ಅವರಿಗೆ ಎಪ್ಪತ್ತು ತುಂಬಿದ ಔತಣದಲ್ಲಿ, ಆ ವೈನ್ ಬಂದಾಗಲೆಲ್ಲ ಅವಳು ಹಿಡಿದು ನೋಡಿ ಕೆಳಗಿಡುವಳು. ಅವನು ಎಂದೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದರ ಭಯ.

ತೊಂಬತ್ತೊಂದರ ಚಳಿಗಾಲದಲ್ಲಿ ಅರವತ್ನಾಲ್ಕರ ಬಾಟಲಿಗಳಿಗೆ ಬಿರಡೆ ಬದಲಿಸುವ ಕಾಲ ಬಂತು. ಇಪ್ಪತ್ತು ವರ್ಷಕ್ಕೆ ಬಿರಡೆ ಸಡಿಲವಾಗುತ್ತದೆ. ಪ್ರತಿ ಬಾಟಲಿಯನ್ನೂ ಬಿಚ್ಚಿ, ಮೂಸಿ, ಒಂದು ಹನಿ ನಾಲಿಗೆಗೆ ಹಚ್ಚಿ, ಚೆನ್ನಾಗಿದ್ದರೆ ಅದೇ ವರ್ಷದ ಇನ್ನೊಂದು ಬಾಟಲಿಯಿಂದ ತುಂಬಿಸಿ ಹೊಸ ಬಿರಡೆ ಹಾಕಬೇಕು. ಕೆಟ್ಟಿದ್ದರೆ ವಿನಿಗರ್ ತೊಟ್ಟಿಗೆ. ತೀರ್ಪು ಮೇಸ್ತ್ರಿಯ ಮೂಗಿನದು. ಬೇರೆ ವರ್ಷಗಳಲ್ಲಿ ದೋನ್ ರಮೀರೊ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಆ ಚಳಿಗಾಲ ಅವರು ಶ್ವಾಸಕೋಶದ ಬಾವು ಹತ್ತಿ ಮಹಡಿಯ ಕೋಣೆಯಲ್ಲಿ ಮಲಗಿದ್ದರು.

ಫೆರ್ಮಿನ್ ಒಬ್ಬನೇ ಮಾಳಿಗೆಯ ತುದಿಯವರೆಗೆ ಹೋದ. ಮರಳುಕಲ್ಲಿನ ಗೋಡೆಗೆ ಕರಿಯ ಬೂಷ್ಟು ಕಂಬಳಿಯಂತೆ ಹತ್ತಿತ್ತು. ಬಾಟಲಿಗಳ ಮೇಲೆ ಜೇಡರ ಬಲೆ. ಬಿರಡೆ ಕೊರೆಯುವ ಹುಳುವನ್ನು ತಿನ್ನಲಿ ಎಂದು ಜೇಡಗಳನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಮೊದಲ ಬಾಟಲಿ ಎತ್ತಿಕೊಂಡಾಗ ಅವನ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ: ಮುಗಿದಿರಲಿ. ವೈನಿಗೂ ಮುಪ್ಪಿದೆ. ಇಷ್ಟು ದಿನ ಮೆರೆದದ್ದು ಸಾಕು. ಹುಳಿ ನಾತ ಬರಲಿ, ಒಣಗಿದ ಕಾಗದದ ವಾಸನೆ ಬರಲಿ. ಹಾಗಾದರೆ ಯಾರ ತಪ್ಪೂ ಇಲ್ಲ.

ಬಿರಡೆ ಬಿಚ್ಚಿ ಬಟ್ಟಲಿಗೆ ಸುರಿದ. ಮೊದಲಿಗೆ ಏನೂ ಇಲ್ಲ, ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಮಾತ್ರ. ಅವನ ಎದೆ ಹಗುರವಾಯಿತು. ಇನ್ನೊಮ್ಮೆ ಅಲುಗಿಸಿ ಮೂಸಿದ. ಆಗ ಅದು ಎದ್ದಿತು. ಒಣಗಿಸಿದ ಕಿತ್ತಳೆ ಸಿಪ್ಪೆ, ಹಣ್ಣಾದ ಚೆರಿ, ಹೊಗೆಸೊಪ್ಪು, ಮಳೆ ಬಂದು ಹೋದ ಮೇಲೆ ಕಾಡಿನ ತರಗೆಲೆಯ ಅಡಿಯ ಮಣ್ಣು. ನಾಲಿಗೆಯ ಮೇಲೆ ರೇಷ್ಮೆ ಎಳೆದ ಹಾಗೆ ಹೋಯಿತು. ನುಂಗಿ ಎಷ್ಟೋ ಹೊತ್ತಾದರೂ ಬಾಯಿಯಿಂದ ಹೋಗಲೊಲ್ಲದು. ಇಡೀ ಜೀವಮಾನದಲ್ಲಿ ಅವನು ಅಂಥದ್ದನ್ನು ಕುಡಿದಿರಲಿಲ್ಲ. ಇನ್ನೂ ಮೂವತ್ತು ವರ್ಷ ಇದು ಅಲುಗದೆ ನಿಲ್ಲುತ್ತದೆ, ನಾನು ಮಣ್ಣಾದ ಮೇಲೂ ಜನ ಟೋಪಿ ತೆಗೆದು ಆ ಹೆಸರನ್ನೇ ಹೇಳುತ್ತಾರೆ ಎಂದು ಅವನಿಗೆ ಸ್ಪಷ್ಟವಾಯಿತು. ಬಟ್ಟಲಲ್ಲಿ ಉಳಿದ ವೈನನ್ನು ನೆಲಕ್ಕೆ ಚೆಲ್ಲಿದ.

ಮಹಡಿಗೆ ಹೋಗಿ, ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತ.

"ಅರವತ್ನಾಲ್ಕು ಹೋಯ್ತು ದೋನ್ ರಮೀರೊ."

ಮುದುಕರು ದಿಂಬಿನಿಂದ ತಲೆ ಎತ್ತಿದರು. "ಹೋಯ್ತು ಅಂದ್ರೆ?"

"ಸತ್ತಿದೆ. ಹುಳಿಗೆ ತಿರುಗಿದೆ. ಬೇರೆ ಬೇರೆ ಸಾಲಿಂದ ತೆಗೆದು ನೋಡ್ದೆ, ಎಲ್ಲ ಹಾಗೇ."

ಅವರು ಬಹಳ ಹೊತ್ತು ಕಿಟಕಿಯಾಚೆ ತೊಲೊಞೊ ಬೆಟ್ಟದ ಹಿಮವನ್ನು ನೋಡಿದರು. ಇನ್ನೊಮ್ಮೆ ನೋಡು ಎನ್ನಲಿಲ್ಲ, ಒಂದು ಬಾಟಲಿ ಮೇಲೆ ತಾ ಎನ್ನಲಿಲ್ಲ. "ನಿನ್ನ ಮೂಗು ಹೇಳಿದ ಮೇಲೆ ಮುಗೀತು. ವಿನಿಗರಿಗೆ ಸುರಿದುಬಿಡು" ಎಂದು ಗೋಡೆಯ ಕಡೆ ಹೊರಳಿದರು.

ಸುರಿಯಲು ಅವನ ಕೈ ಏಳಲಿಲ್ಲ. ಒಂದು ಬಾಟಲಿಯನ್ನು ತೊಟ್ಟಿಯ ಬಾಯಿಗೆ ಬಗ್ಗಿಸಿದವನು, ಆ ಪರಿಮಳ ಮೇಲೆದ್ದು ಬಂದ ಕೂಡಲೇ ನೆಟ್ಟಗೆ ಮಾಡಿ ಬಿರಡೆ ಒತ್ತಿದ. ಮಾಳಿಗೆಯ ಹಿಂದೆ ಯಾರೂ ಬಳಸದ ಹಳೆಯ ಗೂಡೊಂದಿತ್ತು. ಬಾಟಲಿಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಮುಂದೆ ಮುರಿದ ಪೀಪಾಯಿಗಳನ್ನು ಅಡ್ಡ ಒಟ್ಟಿದ. ಸತ್ತವನನ್ನು ಇನ್ನೊಮ್ಮೆ ಹೂತ ಹಾಗಾಯಿತು.

ಆ ದಿನ ಊಟಕ್ಕೆ ಕಸಿಲ್ದಾ ಮೆಣಸಿನ ಸಾಸೇಜು ಹಾಕಿ ಆಲೂಗಡ್ಡೆ ಬೇಯಿಸಿದ್ದಳು. ಫೆರ್ಮಿನ್ ಚಮಚ ಕೆಳಗಿಟ್ಟು, ಅವಳ ಮುಖವನ್ನೇ ನೋಡುತ್ತ ಹೇಳಿದ: "ಅರವತ್ನಾಲ್ಕು ಕೆಟ್ಟುಹೋಗಿದೆ. ಪೂರ್ತಿ."

ಅವಳು ಅಳುತ್ತಾಳೆ ಎಂದು ಕಾದ. ಅಥವಾ ಬಿಳಿಚಿಕೊಳ್ಳುತ್ತಾಳೆ, ಎದ್ದು ಫೋಟೋದ ಮುಂದೆ ಹೋಗಿ ನಿಲ್ಲುತ್ತಾಳೆ. ಅವಳು ಶಿಲುಬೆಯ ಗುರುತು ಮಾಡಿಕೊಂಡು, "ಒಳ್ಳೇದಾಯ್ತು" ಎಂದಳು. ಆಮೇಲೆ ತನ್ನ ತಟ್ಟೆಗೆ ಇನ್ನೆರಡು ಸೌಟು ಆಲೂಗಡ್ಡೆ ಬಡಿಸಿಕೊಂಡಳು.

ಆ ಮಾತು ಅವನಿಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ನನ್ನೆದುರು ನೋವು ತೋರಿಸಬಾರದು ಎಂದು ಹೀಗೆ ಅನ್ನುತ್ತಿದ್ದಾಳೆ ಎಂದುಕೊಂಡ. ಬಚ್ಚಿಟ್ಟ ಪ್ರೀತಿ ಎಷ್ಟು ಆಳದ್ದಿರಬೇಕು! ಮುಂದಿನ ವಾರಗಳಲ್ಲಿ ಅವಳು ಅಡುಗೆಮನೆಯಲ್ಲಿ ಹಾಡು ಗುನುಗುವುದು ಕೇಳಿದಾಗಲೂ, ಯಾರನ್ನು ನೆನೆದು ಹಾಡುತ್ತಾಳೋ ಎಂದು ಕಿವಿ ನಿಮಿರಿಸಿದ. ಅವಳು ಫೋಟೋದ ಧೂಳು ಒರೆಸಿದರೆ ಎಷ್ಟು ಹೊತ್ತು ಒರೆಸಿದಳು ಎಂದು ನೋಡಿದ. ಬಾಟಲಿಗಳನ್ನು ಕತ್ತಲಿಗೆ ತಳ್ಳಿದ ಮೇಲೆ ಅವನ ಹೊಟ್ಟೆಯೊಳಗಿನ ಉರಿ ಆರುವ ಬದಲು ಇನ್ನೂ ಹೆಚ್ಚಾಯಿತು.

ಮೇ ತಿಂಗಳ ಒಂದು ಭಾನುವಾರ ವಾಲ್ವನೇರಾ ಲೊಗ್ರೋಞೊದಿಂದ ಬಂದಳು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವಳಿಗೆ ಮದುವೆ ಗೊತ್ತಾಗಿತ್ತು, ಜೂನ್ ಕೊನೆಗೆ. ಮೇಜಿನ ಮೇಲೆ ಬೇಯಿಸಿದ ಬಿಳಿ ಶತಾವರಿ ದಂಟುಗಳ ತಟ್ಟೆ ಇತ್ತು. ಅವಳು ಅದನ್ನು ಕೈಯಲ್ಲೇ ಎತ್ತಿ ತಿನ್ನುತ್ತ ಹೇಳಿದಳು:

"ಫೆರ್ಮಿನ್, ದೋನ್ ರಮೀರೊನ ನೀನೇ ಕೇಳ್ಬೇಕು. ಮದುವೆ ಊಟಕ್ಕೆ ಒಂದಷ್ಟು ಅರವತ್ನಾಲ್ಕು ಬೇಕು ನಂಗೆ."

ಕಸಿಲ್ದಾ ಮಧ್ಯೆ ಬಂದಳು. "ಅದು ಇಲ್ಲ ಕಣೆ. ಕೆಟ್ಟುಹೋಯ್ತಂತೆ. ಹೋಗಿದ್ದೇ ಒಳ್ಳೇದಾಯ್ತು, ಬಿಡು. ಬೇರೆ ಏನಾದ್ರೂ ತರಿಸೋಣ."

ವಾಲ್ವನೇರಾ ಫೆರ್ಮಿನ್‌ನ ಕಡೆ ತಿರುಗಿದಳು. "ಪೂರ್ತಿನಾ? ಒಂದೂ ಉಳ್ದಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ನಂಗೆ ಅಪ್ಪಂದು ಅಂತ ಇರೋದು ಆ ಫೋಟೋ ಮತ್ತೆ ಆ ವೈನು ಅಷ್ಟೇ," ಎಂದಳು ಅವಳು. ಧ್ವನಿ ಸಣ್ಣ ಹುಡುಗಿಯದಾಗಿತ್ತು. "ಫೋಟೋನ ಮುಟ್ಟಿದ್ರೆ ಗಾಜು. ಆ ವೈನಿಗೆ ಹಣ್ಣು ಕೀಳುವಾಗ ಅವನು ಬದುಕಿದ್ದ. ಅದೊಂದನ್ನಾದ್ರೂ ಮದುವೆ ದಿನ ನನ್ನ ಬಾಯಿಗೆ..." ಮಾತು ಮುಗಿಸದೆ ಎದ್ದು ಹಿತ್ತಲಿಗೆ ಹೋದಳು. ಬಾವಿಕಟ್ಟೆಯ ಹತ್ತಿರ ಬೆನ್ನು ತಿರುಗಿಸಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಹೆಗಲು ಕುಲುಕುತ್ತಿತ್ತು.

ಕಸಿಲ್ದಾ ತಟ್ಟೆಗಳನ್ನು ಎತ್ತಿಡತೊಡಗಿದಳು. ಅವಳ ಶಾಂತಿಯನ್ನು ಕಂಡು ಫೆರ್ಮಿನ್‌ನ ತಾಳ್ಮೆ ತಪ್ಪಿತು.

"ನೀನೂ ಅಳು! ಯಾಕೆ ತಡ್ಕೊಂಡಿದೀಯ? ನನ್ನ ಮುಂದೆ ಈ ನಾಟಕ ಬೇಡ. ಅವನ ವೈನು ಹೋಯ್ತು, ಅಳು!"

ಅವಳು ತಟ್ಟೆ ಹಿಡಿದುಕೊಂಡೇ ತಿರುಗಿದಳು. "ಏನಂದೆ?"

"ಲೋಟ ಹಿಡ್ಕೊಂಡು ಪೂಜೆ ಮಾಡ್ತಿದ್ಯಲ್ಲ ಪ್ರತಿ ಸಲ. ನಾನು ನೋಡಿಲ್ಲ ಅನ್ಕೊಂಡಿದ್ಯಾ?"

"ಪೂಜೆ?" ಕಸಿಲ್ದಾ ತಟ್ಟೆಯನ್ನು ಮೇಜಿಗೆ ಕುಕ್ಕಿದಳು. "ನಂಗೆ ಅದನ್ನ ಕುಡಿಯಕ್ಕೆ ಆಗ್ತಿರ್ಲಿಲ್ಲ ಕಣೋ! ಆ ತೊಟ್ಟಿಯಿಂದ ತೆಗೆದು ಅವನನ್ನ ಅಂಗಳದಲ್ಲಿ ಮಲಗಿಸಿದ್ದು ನಾನು ನೋಡಿದೀನಿ. ಮೊಣಕಾಲವರೆಗೂ ಅದೇ ಬಣ್ಣ. ಲೋಟದಲ್ಲಿ ಆ ಬಣ್ಣ ಕಂಡ್ರೆ ನಂಗೆ ಅವನ ಕಾಲು ಕಾಣುತ್ತೆ. ಎಲ್ಲರೆದುರು ಬೇಡ ಅಂದ್ರೆ ತಿಬುರ್ಸಿಯೊ ಏನನ್ಕೊಳ್ತಾನೋ, ದೋನ್ ರಮೀರೊ ಏನನ್ಕೊಳ್ತಾರೋ. ಅದಕ್ಕೆ ಹಿಡ್ಕೊಂಡು ಕೂತಿರ್ತಿದ್ದೆ. ಒಂದು ತೊಟ್ಟೂ ಕುಡ್ದಿಲ್ಲ ನಾನು, ಇವತ್ತಿನವರೆಗೂ. ಮಾಳಿಗೆ ಬಾಗಿಲನ್ನೂ ದಾಟಿಲ್ಲ. ಅದೂ ಕಂಡಿಲ್ವಾ ನಿನಗೆ?"

ಅಂಗಳದಾಚೆ ಪಾತ್ರೆ ಹಿಡಿದು ನಿಂತಿದ್ದವಳು ಯಾಕೆ ಹತ್ತಿರ ಬರಲಿಲ್ಲ ಎಂದು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆ ಎಂದುಕೊಂಡಿದ್ದ. ತನಗಾಗಿ ನಾಚಿದಳು ಎಂದು ಹಿಗ್ಗಿಯೂ ಇದ್ದ.

"ಇಲಾರಿಯೊನ ವೈನು ಅಂತ ಊರು ಅನ್ನುತ್ತೆ," ಅವಳು ಬಿಡಲಿಲ್ಲ. "ನನ್ನ ಬಾಯಲ್ಲಿ ಯಾವತ್ತಾದ್ರೂ ಕೇಳಿದೀಯಾ? ಹೇಳು, ಒಂದು ಸಲ?"

ಅವನು ನೆನಪು ಕೆದಕಿದ. ಇಲ್ಲ. ಅವಳು ಅಂದದ್ದು ಯಾವಾಗಲೂ ಬರಿಯ ಅರವತ್ನಾಲ್ಕು.

"ಅದು ಕೆಟ್ಟಿಲ್ಲ," ಎಂದ ಫೆರ್ಮಿನ್, ನೆಲ ನೋಡುತ್ತ. "ನಾನು ಸುಳ್ಳು ಹೇಳ್ದೆ. ಹಿಂದಿನ ಗೂಡಲ್ಲಿ ಬಚ್ಚಿಟ್ಟಿದೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿಟಕಿಯಾಚೆ ಅಳುತ್ತಿದ್ದ ಮಗಳನ್ನು ನೋಡಿ, ಮತ್ತೆ ಇವನನ್ನು ನೋಡಿ, "ಕತ್ತೆ!" ಎಂದಳು. "ಮಣ್ಣಲ್ಲಿರೋನ ಮೇಲೆ ಜಗಳಕ್ಕೆ ಹೋಗ್ತಾರಾ ಯಾರಾದ್ರೂ? ನಿನ್ನ ಜೊತೆ ಬಾಳಿದ ವರ್ಷಗಳೆಲ್ಲ ಲೆಕ್ಕಕ್ಕೇ ಇಲ್ವಾ? ನಾನು ಅವನ ಜೊತೆ ಇದ್ದಿದ್ದು ಎರಡು ಚಳಿಗಾಲ ಕಣೋ, ಎರಡು! ಅವನ ಗೊರಕೆ ಹೇಗಿತ್ತು ಅನ್ನೋದೂ ಮರ್ತುಹೋಗಿದೆ ನಂಗೆ." ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತು. ಅದು ಇಲಾರಿಯೊಗೋ, ಮರೆತದ್ದಕ್ಕೋ, ಎದುರಿಗಿದ್ದ ಈ ಕತ್ತೆಗೋ, ಅವನಿಗೆ ಗೊತ್ತಾಗಲಿಲ್ಲ. "ಹೋಗು. ಈಗ್ಲೇ ಹೋಗಿ ದೋನ್ ರಮೀರೊಗೆ ಹೇಳು. ಆಮೇಲೆ ಅವಳಿಗೆ ಹೇಳು."

ದೋನ್ ರಮೀರೊ ಚೇತರಿಸಿಕೊಂಡು, ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಫೆರ್ಮಿನ್ ನಿಂತೇ ಎಲ್ಲ ಹೇಳಿದ. ಅವರ ಕೈ ಊರುಗೋಲಿನ ಹಿಡಿಯ ಮೇಲೆ ಬಿಗಿಯಿತು.

"ಯಾಕೆ ಮಾಡ್ದೆ?"

"ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಇಲಾರಿಯೊ ಮೇಲೆ. ಅದನ್ನ ಸಾಕಿದ್ದು ನಾನು. ಹೆಸರು ಅವನದು."

ಮುದುಕರು ಊರುಗೋಲನ್ನು ನೆಲಕ್ಕೆ ಕುಟ್ಟಿ, "ಬಾಟಲಿ ಮೇಲೆ ಬರೆದಿರೋ ಹೆಸರು ಯಾರದು, ಓದಿದೀಯಾ? ನಮ್ಮಪ್ಪಂದು. ಅವರು ಹೋಗಿ ನಲವತ್ತು ವರ್ಷ ಆಯ್ತು. ಈ ಮನೆ ನಡೆಸ್ತಿರೋನು ನಾನು. ನನ್ನ ಹೆಸರು ಎಲ್ಲಿದೆ ತೋರ್ಸು. ಹಾಗಂತ ನಾನು ನಮ್ಮಪ್ಪನ ಬಾಟಲಿ ಒಡೀತೀನಾ?" ಎಂದರು. ಸಿಟ್ಟಿನಿಂದ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ತಗ್ಗಿದ ಸ್ವರದಲ್ಲಿ, "ಹೆಸರು ಬೇಕಾಗಿದ್ರೆ ಕೇಳ್ಬೇಕಿತ್ತು. ನಿನ್ನ ಮೂಗನ್ನ ನಂಬಿ ನಾನು ಗೋಡೆ ಕಡೆ ತಿರುಗಿ ಅತ್ತಿದ್ದೀನಿ ಫೆರ್ಮಿನ್. ಅದನ್ನ ನಾನು ಬೇಗ ಮರೆಯಲ್ಲ" ಎಂದರು.

ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕಷ್ಟದ ಶಿಕ್ಷೆ ಕೊಟ್ಟರು. ಬೆಳಿಗ್ಗೆ ಬೆಳಿಗ್ಗೆ ಶಾಲು ಹೊದ್ದು ಮಾಳಿಗೆಗೆ ಇಳಿದು, ಪ್ರತಿ ಬಾಟಲಿಯನ್ನೂ ತಾವೇ ಮೂಸಿ, ತಾವೇ ರುಚಿ ನೋಡಿ ತೀರ್ಪು ಕೊಟ್ಟರು. ಫೆರ್ಮಿನ್ ಪಕ್ಕದಲ್ಲಿ ನಿಂತು ಬಿರಡೆ ಒತ್ತಬೇಕು. ಬಟ್ಟಲು ಅವನ ಕೈಗೆ ಬರಲಿಲ್ಲ. ತಿಬುರ್ಸಿಯೊ ಸುತ್ತಿಗೆ ಕೆಳಗಿಟ್ಟು ನೋಡುತ್ತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ಮಾಳಿಗೆಯಲ್ಲಿ ಏನು ಮುಚ್ಚಿಡಲು ಸಾಧ್ಯ? ಒಂದು ದಿನ ಬಳಿ ಬಂದು, "ನನ್ನನ್ನ ಎತ್ತಿದ್ದು ಅವನು. ಅದನ್ನ ಹೇಳ್ದೆ ಇರಕ್ಕೆ ನಂಗೆ ಆಗಲ್ಲ ಕಣೋ" ಎಂದ. "ಆದ್ರೆ ಯಾರು ಬೇಕಾದ್ರೂ ಬಸೀಬೋದು ಅಂದಿದ್ದು ತಪ್ಪು. ಅವತ್ತು ನನ್ನ ಕೈಲಿ ಒಳ್ಳೆ ಎಲೆ ಇತ್ತು, ಅವಸರದಲ್ಲಿದ್ದೆ."

ಅವನ ಬಾಯಿಂದಲೇ ವಿಷಯ ಕೇಳಿದ ವಾಲ್ವನೇರಾ ಅವನೊಡನೆ ಎರಡು ವಾರ ಮಾತಾಡಲಿಲ್ಲ. ಆಮೇಲೆ ಫೋನು ಮಾಡಿ, ಮದುವೆಯ ದಿನ ಬಾಟಲಿ ಬಿಚ್ಚುವವನು ನೀನೇ ಆಗಬೇಕು, ಬೇರೆ ಯಾರೂ ಮುಟ್ಟಕೂಡದು ಎಂದು ಮಾತ್ರ ಹೇಳಿ ಇಟ್ಟಳು.

ಮದುವೆಯ ಊಟ ಅಂಗಳದಲ್ಲೇ. ಒಣಗಿದ ದ್ರಾಕ್ಷಿ ಬಳ್ಳಿಯ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬು ಚುರುಗುಟ್ಟುತ್ತಿತ್ತು. ಫೆರ್ಮಿನ್ ಬಾಟಲಿಗಳನ್ನು ತಾಯಿ ಮಗುವನ್ನು ಎತ್ತುವಂತೆ ಎತ್ತಿ, ಗಷ್ಟು ಕದಡದಂತೆ ಒಂದೊಂದೇ ಲೋಟಕ್ಕೆ ಸುರಿದ. ತಿಬುರ್ಸಿಯೊ ಎದ್ದು ನಿಂತ. ಟೋಪಿ ತೆಗೆದ. "ಇಲಾರಿಯೊಗೆ!" ಎಂದ. ಎಲ್ಲರೂ, "ಇಲಾರಿಯೊಗೆ!" ಎಂದರು. ಫೆರ್ಮಿನ್‌ನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಎಂದಿನಂತೆಯೇ, ಏನೂ ಕಡಿಮೆಯಿಲ್ಲದೆ. ಅವನು ಲೋಟ ಎತ್ತಿ ಎಲ್ಲರ ಜೊತೆ ಕುಡಿದ. ಯಾರಾದರೂ ಈಗ ತನ್ನ ಹೆಸರನ್ನೂ ಹೇಳಬಹುದೇನೋ ಎಂದು ಒಂದು ಗಳಿಗೆ ಕಾದ. ಯಾರೂ ಹೇಳಲಿಲ್ಲ. ಮಾಂಸದ ತಟ್ಟೆಗಳು ಬಂದವು, ಗದ್ದಲ ಶುರುವಾಯಿತು.

ಪಕ್ಕದಲ್ಲಿ ಕಸಿಲ್ದಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಮೇಜಿನ ತುದಿಯಲ್ಲಿ ಮಗಳು ಕಣ್ಣು ಮುಚ್ಚಿ ಕುಡಿಯುವುದನ್ನು ನೋಡಿದಳು. ಆಮೇಲೆ ಔಷಧಿ ಕುಡಿಯುವವಳಂತೆ ಮುಖ ಕಿವುಚಿ, ಒಂದು ಗುಟುಕು ಕುಡಿದಳು. ಫೆರ್ಮಿನ್ ಅವಳ ಕಡೆ ಬಾಗಿದ.

"ಏನನ್ಸುತ್ತೆ?"

ಅವಳು ನಾಲಿಗೆಯನ್ನು ಬಾಯೊಳಗೆ ಆಡಿಸಿದಳು. "ವೈನು ಅನ್ಸುತ್ತೆ," ಎಂದಳು, ತನಗೇ ಆಶ್ಚರ್ಯವಾದವಳಂತೆ. ಇನ್ನೊಂದು ಗುಟುಕು ಕುಡಿದಳು. "ಬರೀ ವೈನು."

ಆ ಬೇಸಿಗೆಯಲ್ಲೇ ಅವಳು ಮೊದಲ ಸಲ ಮಾಳಿಗೆಗೆ ಇಳಿದಳು. ಅವನ ತೋಳು ಬಿಗಿಯಾಗಿ ಹಿಡಿದು, ಬಾಗಿಲಲ್ಲಿ ತುಸು ನಿಂತು, ಆಮೇಲೆ ಒಳಗೆ ಬಂದವಳು ಸುತ್ತ ನೋಡಿ, "ಇಷ್ಟು ವರ್ಷ ಇಲ್ಲಿ ಇದ್ದೀಯಲ್ಲ, ಒಂದು ಪೊರಕೆ ಸಿಗ್ಲಿಲ್ವಾ ನಿನಗೆ?" ಎಂದಳು. ಜೇಡರ ಬಲೆಯ ವಿಷಯಕ್ಕೆ ಅವರಿಬ್ಬರಿಗೂ ದೊಡ್ಡ ವಾದವಾಯಿತು. ಆಮೇಲೆ ಅವಳಿಗೆ ರುಚಿ ಹತ್ತಿತು. ಮರುವರ್ಷ ದೋನ್ ರಮೀರೊ ಬೆಳ್ಳಿಯ ಬಟ್ಟಲನ್ನು ಮತ್ತೆ ಅವನ ಮೇಜಿನ ಮೇಲಿಟ್ಟು ಹೋದ ಮೇಲಂತೂ, ಫೆರ್ಮಿನ್ ಯಾವ ಬಾಟಲಿ ಬಿಚ್ಚಿದರೂ ಅವಳಿಗೆ ಒಂದು ತೊಟ್ಟು ತರಲೇಬೇಕಾಯಿತು.

ಅವನು ಕೆಲಸ ಬಿಟ್ಟ ವರ್ಷ, ಮನೆಯ ಹಿತ್ತಲಲ್ಲಿ ಕುಳಿತು ಎರಡು ಬಾಟಲಿ ಒಟ್ಟಿಗೆ ಬಿಚ್ಚಿದರು: ಅರವತ್ನಾಲ್ಕು ಒಂದು, ಅರವತ್ತೆಂಟು ಒಂದು. ಕಸಿಲ್ದಾ ಎರಡನ್ನೂ ನಿಧಾನಕ್ಕೆ ಕುಡಿದು, ಎರಡನೆಯದರ ಲೋಟ ಮುಂದೆ ತಳ್ಳಿದಳು.

"ಇದೇ ಚೆನ್ನಾಗಿರೋದು. ನಿಂದು."

ಅವನು ಜೀವಮಾನವೆಲ್ಲ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಕೂಡಲೇ ಅವನ ಮುಖ ಕೆಂಪಾಯಿತು.

"ಏನು ಮಾತು ಅಂತ ಆಡ್ತೀಯ! ಅರವತ್ನಾಲ್ಕರ ಪಕ್ಕ ಇದನ್ನ ಇಡಕ್ಕಾಗುತ್ತಾ? ಆ ಹಣ್ಣು ನೋಡು, ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ನೋಡು. ಅಂಥ ದ್ರಾಕ್ಷಿನ ಯಾವತ್ತು ಕೊಯ್ಯಬೇಕು ಅಂತ ಗೊತ್ತಿದ್ದೋನು ಅವನೊಬ್ಬನೇ. ಇನ್ನೊಂದ್ಸಲ ಮೂಸು. ಸರಿಯಾಗಿ ಮೂಸು!"

"ನಂಗೆ ಇದೇ ಇಷ್ಟ," ಎಂದಳು ಕಸಿಲ್ದಾ, ಲೋಟವನ್ನು ಬಿಡದೆ.

"ಮೂಗಿಲ್ಲ ನಿನಗೆ," ಎಂದು ಅವನು ಸಂಜೆಯವರೆಗೂ ಗೊಣಗುತ್ತಲೇ ಇದ್ದ.